ಗಣಕಯಂತ್ರ: ಇತಿಹಾಸ, ಕಾರ್ಯವಿಧಾನ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳನ್ನು ಇಂದು ಗಣಕಯಂತ್ರದ ಮೂಲಕ ಒದಗಿಸಲಾಗುತ್ತಿದೆ. ಹಾವೇರಿ ಜಿಲ್ಲೆ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯ ರೈತರಾಗಲಿ, ಶಿಗ್ಗಾಂವ, ಸವಣೂರು ಅಥವಾ ಹಿರೇಕೆರೂರು ತಾಲ್ಲೂಕಿನ ನಿವಾಸಿಗಳಾಗಲಿ, ಸಲ್ಲಿಸುವ ಅರ್ಜಿಯು ಗಣಕಯಂತ್ರದಲ್ಲಿ ದಾಖಲಾದ ನಂತರವೇ ಅಧಿಕಾರಿಗಳ ಮುಂದೆ ಬರುತ್ತದೆ.

ದಾಖಲೆಯಲ್ಲಿ ಹೆಸರು ಅಥವಾ ವಿಸ್ತೀರ್ಣ ವ್ಯತ್ಯಾಸವಾಗಿರುವುದು ಕಂಡುಬಂದಾಗ “ಕಂಪ್ಯೂಟರಿನಲ್ಲಿ ಹಾಗೆಯೇ ಬಂದಿದೆ” ಎಂಬ ಉತ್ತರವನ್ನು ಅನೇಕರು ಕೇಳಿರುತ್ತಾರೆ ಮತ್ತು ಅದನ್ನೇ ಅಂತಿಮವೆಂದು ತಿಳಿದು ಹಿಂದಿರುಗುತ್ತಾರೆ. ಇದು ಸರಿಯಾದ ತಿಳಿವಳಿಕೆಯಲ್ಲ. ಗಣಕಯಂತ್ರವು ತಾನಾಗಿ ಯಾವ ಹೆಸರನ್ನೂ ಬರೆಯುವುದಿಲ್ಲ. ಅದರೊಳಗೆ ಸೇರಿಸಿದ್ದನ್ನು ಕಾಪಾಡಿಕೊಂಡು, ಕೇಳಿದಾಗ ಹಿಂದಿರುಗಿಸುತ್ತದೆ. ಈ ಯಂತ್ರವು ಹೇಗೆ ಬೆಳೆದುಬಂದಿತು, ಹೇಗೆ ಕೆಲಸ ಮಾಡುತ್ತದೆ, ಅದರ ದಾಖಲೆಯಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಮತ್ತು ಅದನ್ನು ಸರಿಪಡಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ಗಣಕಯಂತ್ರ ಎಂದರೇನು?

ಮಾಹಿತಿಯನ್ನು ಸ್ವೀಕರಿಸಿ, ಮೊದಲೇ ನೀಡಲಾದ ಆದೇಶಗಳ ಪ್ರಕಾರ ಅದನ್ನು ಸಂಸ್ಕರಿಸಿ, ಫಲಿತಾಂಶವನ್ನು ನೀಡುವ ಮತ್ತು ಅಗತ್ಯವಿದ್ದಲ್ಲಿ ಅದನ್ನು ಸಂಗ್ರಹಿಸಿಡುವ ವಿದ್ಯುನ್ಮಾನ ಯಂತ್ರವೇ ಗಣಕಯಂತ್ರ. ಇದರಲ್ಲಿ ಎರಡು ಅಂಗಗಳಿವೆ. ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟಬಹುದಾದ ಭಾಗಗಳನ್ನು ಯಂತ್ರಾಂಶವೆಂದೂ, ಅವುಗಳನ್ನು ನಡೆಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆಂದೂ ಕರೆಯಲಾಗುತ್ತದೆ. ಯಂತ್ರದೊಳಗೆ ಸೇರಿಸಲಾಗುವ ಹೆಸರು, ಸಂಖ್ಯೆ, ದಿನಾಂಕ ಮುಂತಾದ ವಿವರಗಳಿಗೆ ದತ್ತಾಂಶ ಎಂದು ಹೆಸರು. ಯಂತ್ರಾಂಶ ಮತ್ತು ತಂತ್ರಾಂಶ ಎರಡೂ ಸುಸ್ಥಿತಿಯಲ್ಲಿದ್ದರೂ ದತ್ತಾಂಶ ತಪ್ಪಾಗಿದ್ದರೆ ಫಲಿತಾಂಶವು ತಪ್ಪಾಗಿಯೇ ಇರುತ್ತದೆ.

3. ಗಣಕಯಂತ್ರದ ಇತಿಹಾಸ

ಲೆಕ್ಕಕ್ಕಾಗಿ ಮನುಷ್ಯನು ಬೆರಳು, ಕಲ್ಲು ಹಾಗೂ ಮಣಿಚೌಕಟ್ಟುಗಳನ್ನು ಬಳಸಿದ ಕಾಲ ಬಹಳ ಹಳೆಯದು. ಹಲ್ಲುಗಾಲಿಗಳಿಂದ ಕೂಡುವ ಮತ್ತು ಕಳೆಯುವ ಯಂತ್ರವನ್ನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ 1642ರಲ್ಲಿ ರೂಪಿಸಿದನು. ಕಂದಾಯ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಶ್ರಮವನ್ನು ಕಡಿಮೆ ಮಾಡುವುದು ಅವನ ಉದ್ದೇಶವಾಗಿತ್ತು.

1804ರಲ್ಲಿ ಫ್ರಾನ್ಸಿನ ಜೋಸೆಫ್ ಮಾರಿ ಜಾಕಾರ್ಡ್, ರಂಧ್ರಗಳುಳ್ಳ ರಟ್ಟಿನ ಹಾಳೆಗಳ ಮೂಲಕ ನೇಯ್ಗೆಯ ವಿನ್ಯಾಸವನ್ನು ನಿಯಂತ್ರಿಸುವ ಮಗ್ಗವನ್ನು ಸಿದ್ಧಪಡಿಸಿದನು. ರಂಧ್ರವಿದ್ದಲ್ಲಿ ಒಂದು ಕ್ರಿಯೆ, ಇಲ್ಲದಲ್ಲಿ ಇನ್ನೊಂದು ಎಂಬ ಈ ವಿಧಾನದಿಂದ, ಯಂತ್ರಕ್ಕೆ ಆದೇಶವನ್ನು ಮೊದಲೇ ಬರೆದಿಡಬಹುದೆಂಬುದು ತಿಳಿಯಿತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಇದೇ ಹಾಳೆಗಳನ್ನು ಬಳಸುವ ವಿಶ್ಲೇಷಕ ಯಂತ್ರದ ಯೋಜನೆಯನ್ನು ಸಿದ್ಧಪಡಿಸಿದನು. ಸಂಖ್ಯೆಗಳನ್ನು ಇಡುವ ಭಾಗ ಮತ್ತು ಲೆಕ್ಕ ಮಾಡುವ ಭಾಗ ಬೇರೆ ಬೇರೆಯಾಗಿರಬೇಕೆಂಬುದು ಅವನ ಕಲ್ಪನೆ. ಯಂತ್ರವು ಪೂರ್ಣಗೊಳ್ಳಲಿಲ್ಲವಾದರೂ ಇಂದಿನ ಗಣಕಯಂತ್ರಗಳ ರಚನೆ ಅದೇ ಬಗೆಯದು. 1843ರಲ್ಲಿ ಏಡಾ ಲವ್ಲೇಸ್ ಈ ಯಂತ್ರದ ಕುರಿತು ವಿಸ್ತಾರವಾದ ಟಿಪ್ಪಣಿಗಳನ್ನು ಪ್ರಕಟಿಸಿದಳು. ಯಂತ್ರವು ತಾನಾಗಿ ಏನನ್ನೂ ಹೊಸದಾಗಿ ಹುಟ್ಟಿಸಲಾರದು, ಆದೇಶಿಸಿದ್ದನ್ನಷ್ಟೇ ಮಾಡಬಲ್ಲದು ಎಂಬ ಅಭಿಪ್ರಾಯವನ್ನು ಆಕೆ ಅವುಗಳಲ್ಲಿ ದಾಖಲಿಸಿದ್ದಾಳೆ.

ಸರ್ಕಾರದ ಕೆಲಸಕ್ಕೆ ಇಂತಹ ಯಂತ್ರ ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು ಅಮೆರಿಕದ 1890ರ ಜನಗಣತಿಯಲ್ಲಿ. ಹರ್ಮನ್ ಹಾಲೆರಿತ್ ರೂಪಿಸಿದ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಒಂದು ಕಾರ್ಡು ಇದ್ದು, ವಯಸ್ಸು, ಉದ್ಯೋಗ ಮುಂತಾದ ವಿವರಗಳನ್ನು ಗೊತ್ತಾದ ಸ್ಥಾನದಲ್ಲಿ ರಂಧ್ರ ಕೊರೆದು ಗುರುತಿಸಲಾಗುತ್ತಿತ್ತು. ಯಂತ್ರವು ರಂಧ್ರಗಳನ್ನು ವಿದ್ಯುತ್ತಿನ ಸಹಾಯದಿಂದ ಎಣಿಸುತ್ತಿತ್ತು. ರಂಧ್ರವು ತಪ್ಪು ಸ್ಥಾನದಲ್ಲಿ ಬಿದ್ದರೆ ಆ ವ್ಯಕ್ತಿಯ ವಿವರವು ಎಣಿಕೆಯಲ್ಲಿಯೂ ತಪ್ಪಾಗಿಯೇ ಸೇರುತ್ತಿತ್ತು.

ನಂತರದ ಮುಖ್ಯ ಘಟ್ಟಗಳು ಈ ಕೆಳಗಿನಂತಿವೆ.

• 1945ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಎನಿಯಾಕ್ ಯಂತ್ರವನ್ನು 1946ರಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಲಾಯಿತು. ಸುಮಾರು 18,000 ನಿರ್ವಾತ ಕೊಳವೆಗಳಿದ್ದ ಇದರ ತೂಕ ಸುಮಾರು 30 ಟನ್. ಒಂದು ಸೆಕೆಂಡಿನಲ್ಲಿ 5,000 ಸಂಕಲನಗಳನ್ನು ಇದು ಮಾಡಬಲ್ಲದಾಗಿತ್ತು.
• 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಆವಿಷ್ಕಾರವಾಯಿತು. ದೊಡ್ಡದಾದ, ಬೇಗ ಬಿಸಿಯಾಗಿ ಕೆಡುತ್ತಿದ್ದ ಕೊಳವೆಗಳ ಸ್ಥಾನವನ್ನು ಈ ಚಿಕ್ಕ ಸಾಧನವು ಕ್ರಮೇಣ ಪಡೆಯಿತು.
• 1948ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ಆದೇಶಗಳನ್ನೂ ದತ್ತಾಂಶವನ್ನೂ ಒಂದೇ ಸ್ಮೃತಿಯಲ್ಲಿ ಇರಿಸಿಕೊಂಡು ನಡೆಯುವ ವಿದ್ಯುನ್ಮಾನ ಗಣಕಯಂತ್ರವು ಮೊದಲ ಬಾರಿಗೆ ಕಾರ್ಯನಿರ್ವಹಿಸಿತು.
• 1958–59ರಲ್ಲಿ ಜ್ಯಾಕ್ ಕಿಲ್ಬಿ ಮತ್ತು ರಾಬರ್ಟ್ ನಾಯ್ಸ್ ಪ್ರತ್ಯೇಕವಾಗಿ ಸಂಯೋಜಿತ ಮಂಡಲವನ್ನು, ಅಂದರೆ ಚಿಪ್ ಅನ್ನು ರೂಪಿಸಿದರು.
• 1971ರಲ್ಲಿ ಇಂಟೆಲ್ ಸಂಸ್ಥೆಯು 4004 ಎಂಬ ಮೈಕ್ರೋಪ್ರೊಸೆಸರ್ ಅನ್ನು ಮಾರುಕಟ್ಟೆಗೆ ತಂದಿತು. ಒಂದೇ ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು.
• 1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಬಿಡುಗಡೆಯಾಯಿತು. ಮುಂದೆ ಸಾಮಾನ್ಯ ಕಚೇರಿಯ ಮೇಜಿನ ಮೇಲೆಯೂ ಗಣಕಯಂತ್ರವನ್ನು ಇರಿಸುವುದು ಸಾಧ್ಯವಾಯಿತು.

4. ಭಾರತ ಮತ್ತು ಕರ್ನಾಟಕದಲ್ಲಿ ಗಣಕಯಂತ್ರ

ಭಾರತದಲ್ಲಿ ಮೊದಲಿಗೆ ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯು 1950ರ ದಶಕದ ಮಧ್ಯಭಾಗದಲ್ಲಿ ಇಂಗ್ಲೆಂಡಿನಿಂದ ಗಣಕಯಂತ್ರವನ್ನು ತರಿಸಿಕೊಂಡಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೇಶದಲ್ಲಿಯೇ ವಿನ್ಯಾಸಗೊಂಡ ಟಿಫ್ರ್ಯಾಕ್ ಯಂತ್ರವು 1960ರಲ್ಲಿ ಕಾರ್ಯಾರಂಭ ಮಾಡಿತು. ಸರ್ಕಾರಿ ಇಲಾಖೆಗಳ ಗಣಕೀಕರಣಕ್ಕೆ ನೆರವಾಗುವ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು 1976ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1980ರ ದಶಕದಿಂದ ತಂತ್ರಾಂಶ ಉದ್ಯಮವು ಬೆಳೆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಲ್ಲಿ ತನ್ನ ಕೇಂದ್ರವನ್ನು ಆರಂಭಿಸಿದ್ದು 1985ರಲ್ಲಿ.

ಆದರೆ ಕರ್ನಾಟಕದ ಗ್ರಾಮೀಣ ಜನತೆಗೆ ಗಣಕಯಂತ್ರವು ನೇರವಾಗಿ ಸಂಬಂಧಪಟ್ಟದ್ದು ತಂತ್ರಾಂಶ ಉದ್ಯಮದಿಂದಲ್ಲ, ಜಮೀನಿನ ಪಹಣಿಯಿಂದ. ಅದರ ವಿವರವನ್ನು ಕ್ರಮಸಂಖ್ಯೆ 8ರಲ್ಲಿ ನೀಡಲಾಗಿದೆ. ಅದಕ್ಕೆ ಮೊದಲು ಯಂತ್ರದ ಒಳಗೆ ನಡೆಯುವ ಕಾರ್ಯವನ್ನು ತಿಳಿಯುವುದು ಅವಶ್ಯ.

5. ಸೊನ್ನೆ ಮತ್ತು ಒಂದರ ಲೆಕ್ಕ

ಗಣಕಯಂತ್ರದೊಳಗೆ ಇರುವುದು ಅಸಂಖ್ಯಾತ ಸೂಕ್ಷ್ಮ ಸ್ವಿಚ್ಚುಗಳು. ಪ್ರತಿಯೊಂದು ಸ್ವಿಚ್ಚೂ ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ. ಈ ಎರಡು ಸ್ಥಿತಿಗಳನ್ನು 0 ಮತ್ತು 1 ಎಂದು ಗುರುತಿಸಲಾಗುತ್ತದೆ. ಇಂತಹ ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ.

ಕೇವಲ ಎರಡು ಅಂಕಿಗಳಿಂದ ಎಲ್ಲ ಸಂಖ್ಯೆಗಳನ್ನು ಬರೆಯುವುದು ಹೇಗೆ ಎಂಬುದನ್ನು ಜಮೀನಿನ ಅಳತೆಯ ಉದಾಹರಣೆಯಿಂದ ಅರಿಯಬಹುದು. ಪ್ರತಿನಿತ್ಯದ ಲೆಕ್ಕದಲ್ಲಿ ಹತ್ತು ತುಂಬಿದೊಡನೆ ಮುಂದಿನ ಸ್ಥಾನಕ್ಕೆ ಒಂದನ್ನು ಒಯ್ಯಲಾಗುತ್ತದೆ. ಜಮೀನಿನ ಲೆಕ್ಕದಲ್ಲಿ 16 ಆಣೆ ತುಂಬಿದರೆ 1 ಗುಂಟೆ, 40 ಗುಂಟೆ ತುಂಬಿದರೆ 1 ಎಕರೆ. ಆದ್ದರಿಂದ 2 ಎಕರೆ 25 ಗುಂಟೆಗೆ 1 ಎಕರೆ 30 ಗುಂಟೆಯನ್ನು ಸೇರಿಸಿದರೆ 3 ಎಕರೆ 55 ಗುಂಟೆ ಎಂದು ಬರೆಯುವುದಿಲ್ಲ, 4 ಎಕರೆ 15 ಗುಂಟೆ ಎಂದು ಬರೆಯಲಾಗುತ್ತದೆ. ಗಣಕಯಂತ್ರದ ಲೆಕ್ಕದಲ್ಲಿ ಎರಡು ತುಂಬಿದೊಡನೆ ಮುಂದಿನ ಸ್ಥಾನಕ್ಕೆ ಒಂದನ್ನು ಒಯ್ಯಲಾಗುತ್ತದೆ. ಅದರಂತೆ ಒಂದು ಎಂಬುದು 1, ಎರಡು ಎಂಬುದು 10, ಮೂರು 11, ನಾಲ್ಕು 100, ಐದು 101, ನಲವತ್ತು 101000 ಆಗುತ್ತದೆ.

ತಂತ್ರಾಂಶ ಎಂದರೇನು ಎಂಬುದನ್ನೂ ಇದೇ ಉದಾಹರಣೆಯಿಂದ ತಿಳಿಯಬಹುದು. “ಗುಂಟೆಗಳನ್ನು ಕೂಡಿಸು. ಮೊತ್ತವು 40 ಅಥವಾ ಅದಕ್ಕಿಂತ ಹೆಚ್ಚಾದರೆ 40ನ್ನು ಕಳೆದು ಎಕರೆಗೆ 1ನ್ನು ಸೇರಿಸು. ಫಲಿತಾಂಶವನ್ನು ಮುದ್ರಿಸು” ಎಂಬಂತೆ ಕ್ರಮವಾಗಿ ಬರೆದ ಆದೇಶಗಳೇ ತಂತ್ರಾಂಶ. ಯಂತ್ರವು ಇವುಗಳನ್ನು ಒಂದೂ ತಪ್ಪದಂತೆ, ಅತಿ ವೇಗವಾಗಿ ಪಾಲಿಸುತ್ತದೆ. ಆದರೆ 14 ಗುಂಟೆ ಇರಬೇಕಾದಲ್ಲಿ 4 ಗುಂಟೆ ಎಂದು ನಮೂದಾಗಿದ್ದರೆ, ಆ 4ನ್ನೇ ಹಿಡಿದು ನಿಖರವಾಗಿ ಲೆಕ್ಕ ಮಾಡುತ್ತದೆ.

6. ಗಣಕಯಂತ್ರದ ಭಾಗಗಳು

(ಅ) ಒಳಹರಿವಿನ ಸಾಧನಗಳು: ಕೀಲಿಮಣೆ, ಮೌಸ್, ಸ್ಕ್ಯಾನರ್, ಬೆರಳಚ್ಚು ಗುರುತಿಸುವ ಸಾಧನ ಮುಂತಾದವು. ದತ್ತಾಂಶವು ಇವುಗಳ ಮೂಲಕ ಯಂತ್ರವನ್ನು ಸೇರುತ್ತದೆ.

(ಆ) ಕೇಂದ್ರ ಸಂಸ್ಕರಣಾ ಘಟಕ: ಆದೇಶಗಳನ್ನು ಒಂದೊಂದಾಗಿ ತೆಗೆದುಕೊಂಡು ಪಾಲಿಸುವ ಭಾಗ. ಕೂಡುವುದು, ಕಳೆಯುವುದು ಹಾಗೂ ಎರಡು ಸಂಖ್ಯೆಗಳು ಸಮವೇ ಅಲ್ಲವೇ ಎಂದು ಹೋಲಿಸುವುದು ಇದರ ಮುಖ್ಯ ಕೆಲಸ.

(ಇ) ತಾತ್ಕಾಲಿಕ ಸ್ಮೃತಿ: ಕೆಲಸ ನಡೆಯುತ್ತಿರುವಾಗ ಮಾತ್ರ ಮಾಹಿತಿಯನ್ನು ಹಿಡಿದಿಡುವ ಸ್ಥಳ. ವಿದ್ಯುತ್ ನಿಂತರೆ ಇಲ್ಲಿರುವುದು ಅಳಿಸಿಹೋಗುತ್ತದೆ. ಅರ್ಜಿ ಬೆರಳಚ್ಚು ಮಾಡುತ್ತಿರುವಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ ನಮೂದಿಸಬೇಕಾಗುವುದು ಈ ಕಾರಣದಿಂದ.

(ಈ) ಶಾಶ್ವತ ಸಂಗ್ರಹ: ವಿದ್ಯುತ್ ಇಲ್ಲದಿದ್ದರೂ ಮಾಹಿತಿಯನ್ನು ಉಳಿಸಿಕೊಳ್ಳುವ ಡಿಸ್ಕ್. ಉಳಿಸುವ ಆದೇಶ ನೀಡಿದ ನಂತರ ದತ್ತಾಂಶವು ಇಲ್ಲಿ ಸೇರುತ್ತದೆ.

(ಉ) ಹೊರಹರಿವಿನ ಸಾಧನಗಳು: ಪರದೆ ಮತ್ತು ಮುದ್ರಣಯಂತ್ರ. ಅರ್ಜಿದಾರರ ಕೈಸೇರುವ ಕಾಗದವು ಸಂಗ್ರಹದಲ್ಲಿರುವ ದಾಖಲೆಯ ಒಂದು ಪ್ರತಿ ಮಾತ್ರ.

(ಊ) ಜಾಲ ಮತ್ತು ಸರ್ವರ್: ಅನೇಕ ಗಣಕಯಂತ್ರಗಳಿಗೆ ಏಕಕಾಲದಲ್ಲಿ ಮಾಹಿತಿ ಒದಗಿಸುವ ದೊಡ್ಡ ಗಣಕಯಂತ್ರವೇ ಸರ್ವರ್. ನಾಡಕಚೇರಿಯಲ್ಲಿ ಕಾಣುವ ಯಂತ್ರವು ಜಾಲದ ಮೂಲಕ ಬೆಂಗಳೂರಿನಲ್ಲಿರುವ ಸರ್ವರ್‌ನಿಂದ ದಾಖಲೆಯನ್ನು ಕೇಳಿ ಪಡೆಯುತ್ತದೆ.

7. ಕನ್ನಡ ಅಕ್ಷರಗಳು ಗಣಕಯಂತ್ರದಲ್ಲಿ

ಸಂಖ್ಯೆಗಳನ್ನಷ್ಟೇ ಬಲ್ಲ ಯಂತ್ರವು ಅಕ್ಷರಗಳನ್ನೂ ಸಂಖ್ಯೆಗಳಾಗಿಯೇ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಎಲ್ಲರೂ ಒಪ್ಪಿದ ಪಟ್ಟಿಯೊಂದು ನಿರ್ಧರಿಸಬೇಕು. ಮೊದಲಿಗೆ ಬೇರೆ ಬೇರೆ ಕನ್ನಡ ತಂತ್ರಾಂಶಗಳು ಬೇರೆ ಬೇರೆ ಪಟ್ಟಿಗಳನ್ನು ಅನುಸರಿಸುತ್ತಿದ್ದವು. ಆದ್ದರಿಂದ ಒಂದು ತಂತ್ರಾಂಶದಲ್ಲಿ ಸಿದ್ಧಪಡಿಸಿದ ಪತ್ರವು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೇ ಪಟ್ಟಿ ಇರಬೇಕೆಂಬ ಉದ್ದೇಶದಿಂದ ರೂಪುಗೊಂಡ ಯೂನಿಕೋಡ್ ಶಿಷ್ಟತೆಯು 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಈ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸಂಖ್ಯೆಗಳನ್ನು ಕಾದಿರಿಸಲಾಗಿದೆ. ಉದಾಹರಣೆಗೆ, ‘ಅ’ ಅಕ್ಷರಕ್ಕೆ 3205 ಮತ್ತು ‘ಕ’ ಅಕ್ಷರಕ್ಕೆ 3221.

‘ತಿಳವಳ್ಳಿ’ ಎಂದು ಬರೆದಾಗ ಯಂತ್ರದೊಳಗೆ ಎಂಟು ಸಂಖ್ಯೆಗಳು ಸಾಲಾಗಿ ಸೇರುತ್ತವೆ.

ತ – 3236
ಇಕಾರದ ಗುಣಿತ ಚಿಹ್ನೆ – 3263
ಳ – 3251
ವ – 3253
ಳ – 3251
ಅರ್ಧಾಕ್ಷರದ ಚಿಹ್ನೆ – 3277
ಳ – 3251
ಇಕಾರದ ಗುಣಿತ ಚಿಹ್ನೆ – 3263

ಇದೇ ಪಟ್ಟಿಯಲ್ಲಿ ‘ಲ’ ಅಕ್ಷರದ ಸಂಖ್ಯೆ 3250. ಸೊನ್ನೆ ಮತ್ತು ಒಂದರ ರೂಪದಲ್ಲಿ ಬರೆದರೆ ‘ಲ’ ಎಂಬುದು 110010110010, ‘ಳ’ ಎಂಬುದು 110010110011. ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಒಂದು ಬಿಟ್ ಮಾತ್ರ. ಊರಿನ ಹೆಸರು ‘ತಿಲವಳ್ಳಿ’ ಎಂದು ಬೆರಳಚ್ಚಾದರೆ ಓದುವ ಮನುಷ್ಯನು ಅದೇ ಊರೆಂದು ಗ್ರಹಿಸುತ್ತಾನೆ. ಎರಡು ಹೆಸರುಗಳನ್ನು ಹೋಲಿಸುವ ಯಂತ್ರಕ್ಕೆ ಅವು ಸಮವಲ್ಲ. ವ್ಯಕ್ತಿಯ ಹೆಸರಿಗೂ ಇದು ಅನ್ವಯಿಸುತ್ತದೆ. ಒಂದು ದಾಖಲೆಯಲ್ಲಿ ‘ಮಹಾದೇವಪ್ಪ’, ಇನ್ನೊಂದರಲ್ಲಿ ‘ಮಾದೇವಪ್ಪ’ ಎಂದಿದ್ದರೆ ಊರಿನವರಿಗೆ ಒಬ್ಬರೇ, ಯಂತ್ರಕ್ಕೆ ಇಬ್ಬರು.

ಕನ್ನಡ ಬೆರಳಚ್ಚಿಗೆ ವ್ಯಾಪಕವಾಗಿ ಬಳಕೆಯಲ್ಲಿರುವುದು ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ. ಅವರು ಸಿದ್ಧಪಡಿಸಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು ಇರಿಸಿದ್ದರು. ಈ ವಿನ್ಯಾಸವನ್ನೇ ರಾಜ್ಯ ಸರ್ಕಾರವು ಅಂಗೀಕರಿಸಿದ್ದು, ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ‘ನುಡಿ’ ತಂತ್ರಾಂಶದಲ್ಲಿ ಅದು ಅಳವಡಿಕೆಯಾಗಿದೆ. ಈ ವಿನ್ಯಾಸದಲ್ಲಿ ‘ಲ’ ಮತ್ತು ‘ಳ’ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಕೀಲಿಯನ್ನು ಜೊತೆಗೆ ಒತ್ತಿದರೆ ‘ಳ’, ಒತ್ತದಿದ್ದರೆ ‘ಲ’. ‘ನ’ ಮತ್ತು ‘ಣ’, ‘ಸ’ ಮತ್ತು ‘ಶ’, ‘ಬ’ ಮತ್ತು ‘ಭ’ ಇವುಗಳ ವ್ಯವಸ್ಥೆಯೂ ಹೀಗೆಯೇ ಇದೆ. ಅವಸರದಲ್ಲಿ ಶಿಫ್ಟ್ ಕೀಲಿ ತಪ್ಪಿದಾಗ ಈ ಅಕ್ಷರಗಳೇ ಅದಲುಬದಲಾಗುತ್ತವೆ. ತಮ್ಮ ಹೆಸರಿನಲ್ಲಿ ಅಥವಾ ಊರಿನ ಹೆಸರಿನಲ್ಲಿ ಈ ಅಕ್ಷರಗಳಿರುವವರು ವಿಶೇಷವಾಗಿ ಗಮನಿಸಬೇಕು.

8. ಭೂ ದಾಖಲೆಗಳ ಗಣಕೀಕರಣ: ಭೂಮಿ ಯೋಜನೆ

ಭೂಮಿಯ ಹಕ್ಕನ್ನು ಬರೆದಿಡುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ತಿಳವಳ್ಳಿಯ ಶಾಂತೇಶ್ವರ ದೇವಾಲಯವು ನಿರ್ಮಾಣವಾದ 13ನೆಯ ಶತಮಾನದಲ್ಲಿ ಭೂದಾನದ ವಿವರಗಳನ್ನು ಕಲ್ಲಿನ ಮೇಲೆ ಕೆತ್ತಿಸುವುದು ರೂಢಿಯಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಹಾನಗಲ್ಲ ಒಳಗೊಂಡ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಮುಂಬಯಿ ಪದ್ಧತಿಯ ಕಂದಾಯ ದಾಖಲೆಗಳು ಇಲ್ಲಿ ಜಾರಿಯಲ್ಲಿದ್ದವು. ಪಹಣಿಗೆ ಇಂದಿಗೂ ಈ ಭಾಗದಲ್ಲಿ ‘ಉತಾರ’ ಎಂಬ ಹೆಸರು ಬಳಕೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಹಾವೇರಿ ಜಿಲ್ಲೆಯನ್ನು ರಚಿಸಲಾಯಿತು.

ಗಣಕೀಕರಣಕ್ಕೆ ಮೊದಲು ಪಹಣಿ ಪುಸ್ತಕಗಳು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಾಧಿಕಾರಿಗಳ ವಶದಲ್ಲಿದ್ದವು. ಪ್ರತಿ ಬೇಕಾದವರು ಅವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಪ್ರತಿಯನ್ನು ಕೈಯಿಂದ ಬರೆದು ಕೊಡಲಾಗುತ್ತಿತ್ತು. ಪುಸ್ತಕದಲ್ಲಿ ಏನು ಬರೆದಿದೆ ಎಂಬುದನ್ನು ರೈತನು ಸುಲಭವಾಗಿ ನೋಡುವಂತಿರಲಿಲ್ಲ. ತಿದ್ದುಪಡಿಯಾಗಿದ್ದರೂ ಅವನಿಗೆ ತಿಳಿಯುವುದು ಕಷ್ಟವಾಗಿತ್ತು.

ಈ ಸ್ಥಿತಿಯನ್ನು ಸುಧಾರಿಸಲು ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ ‘ಭೂಮಿ’ ಯೋಜನೆಯನ್ನು ಕೈಗೊಂಡಿತು. ಭಾರತೀಯ ಆಡಳಿತ ಸೇವೆಯ ಶ್ರೀ ರಾಜೀವ್ ಚಾವ್ಲಾ ಅವರು ಇದರ ನೇತೃತ್ವ ವಹಿಸಿದ್ದರು. ಸುಮಾರು 30,000 ಗ್ರಾಮಗಳ 67 ಲಕ್ಷ ಭೂ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಹಂತಹಂತವಾಗಿ ಭೂಮಿ ಕೇಂದ್ರಗಳು ಕಾರ್ಯಾರಂಭ ಮಾಡಿದವು. ಆಗ ಪಹಣಿಯ ಒಂದು ಪ್ರತಿಗೆ 15 ರೂಪಾಯಿ ಶುಲ್ಕವಿತ್ತು. ಗಣಕೀಕೃತ ಪಹಣಿ ದೊರೆಯತೊಡಗಿದ ನಂತರ ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಲಾಯಿತು.

ಈ ವ್ಯವಸ್ಥೆಯಲ್ಲಿ ಅಳವಡಿಸಲಾದ ಮುಖ್ಯ ಅಂಶಗಳು:

• ಹಕ್ಕು ಬದಲಾವಣೆಯ ಅರ್ಜಿಗಳನ್ನು ಸ್ವೀಕರಿಸಿದ ಸರದಿಯಲ್ಲಿಯೇ ವಿಲೇವಾರಿ ಮಾಡುವುದು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳಲು ತಂತ್ರಾಂಶವು ಅವಕಾಶ ನೀಡುವುದಿಲ್ಲ.
• ದಾಖಲೆಯನ್ನು ಬದಲಾಯಿಸುವ ಸಿಬ್ಬಂದಿಯನ್ನು ಬೆರಳಚ್ಚಿನ ಮೂಲಕ ಗುರುತಿಸುವುದು. ಯಾರು, ಯಾವಾಗ ಬದಲಾಯಿಸಿದರು ಎಂಬುದು ಇದರಿಂದ ದಾಖಲಾಗುತ್ತದೆ.
• ಭೂಮಿ ಕೇಂದ್ರದಲ್ಲಿ ಸಾರ್ವಜನಿಕರ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನು ಇರಿಸುವುದು. ನಮೂದಾಗುತ್ತಿರುವುದನ್ನು ಅರ್ಜಿದಾರರೂ ಓದಲಿ ಎಂಬುದು ಇದರ ಉದ್ದೇಶವಾಗಿತ್ತು.

ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕಿನ ಸರ್ವರ್‌ನಲ್ಲಿದ್ದವು. ನಂತರ ಅವುಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದುದರಿಂದ ಯಾವ ಊರಿನಿಂದಲಾದರೂ ಪಹಣಿ ಪಡೆಯುವುದು ಸಾಧ್ಯವಾಯಿತು. ಉಪನೋಂದಣಿ ಕಚೇರಿಗಳಿಗೆ ‘ಕಾವೇರಿ’, ಭೂಮಾಪನ ಅರ್ಜಿಗಳಿಗೆ ‘ಮೋಜಿಣಿ’ ತಂತ್ರಾಂಶಗಳು ಬಂದವು. ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, 2011ರ ಅಡಿ ‘ಸಕಾಲ’ ವ್ಯವಸ್ಥೆಯು 2012ರಲ್ಲಿ ಜಾರಿಗೆ ಬಂದಿತು. ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹಾಗೂ 2022ರಿಂದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮ ಒನ್ ಕೇಂದ್ರಗಳು ಅರ್ಜಿಗಳನ್ನು ಸ್ವೀಕರಿಸುತ್ತಿವೆ.

ಗಮನಿಸಬೇಕಾದ ವಿಷಯವೆಂದರೆ, ಗಣಕೀಕರಣದ ಸಮಯದಲ್ಲಿ ಯಂತ್ರಕ್ಕೆ ಸೇರಿಸಿದ್ದು ಕೈಬರಹದ ಪಹಣಿಯಲ್ಲಿದ್ದ ವಿವರಗಳನ್ನು. ಜಮೀನಿನ ವಾಸ್ತವ ಸ್ಥಿತಿಯನ್ನು ಆಗ ಹೊಸದಾಗಿ ಅಳೆದು ಸೇರಿಸಿದ್ದಲ್ಲ. ಆದ್ದರಿಂದ ಕೈಬರಹದಲ್ಲಿದ್ದ ತಪ್ಪು, ಓದುವಾಗ ಆದ ತಪ್ಪು ಮತ್ತು ಬೆರಳಚ್ಚಿನಲ್ಲಿ ಆದ ತಪ್ಪು ಎಂಬ ಮೂರು ಬಗೆಯ ತಪ್ಪುಗಳೂ ಗಣಕೀಕೃತ ಪಹಣಿಯಲ್ಲಿ ಉಳಿದಿರಬಹುದು.

9. ಯಂತ್ರವು ಕಂಡುಹಿಡಿಯುವ ಮತ್ತು ಕಂಡುಹಿಡಿಯಲಾಗದ ತಪ್ಪುಗಳು

ಕೆಲವು ತಪ್ಪುಗಳನ್ನು ಯಂತ್ರವೇ ಪತ್ತೆಹಚ್ಚುತ್ತದೆ. ಆಧಾರ್ ಸಂಖ್ಯೆಯು ಇದಕ್ಕೆ ಉತ್ತಮ ಉದಾಹರಣೆ. 12 ಅಂಕಿಗಳಲ್ಲಿ ಕೊನೆಯ ಅಂಕಿಯನ್ನು ಮೊದಲ 11 ಅಂಕಿಗಳಿಂದ ಗಣಿತದ ಸೂತ್ರವೊಂದರ ಮೂಲಕ ಪಡೆಯಲಾಗಿರುತ್ತದೆ. ನಡುವೆ ಯಾವುದಾದರೂ ಒಂದು ಅಂಕಿ ತಪ್ಪಾದರೆ, ಅಥವಾ ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಲೆಕ್ಕವು ಹೊಂದುವುದಿಲ್ಲ. ಯಂತ್ರವು ಆ ಸಂಖ್ಯೆಯನ್ನು ತಿರಸ್ಕರಿಸುತ್ತದೆ. ಫೆಬ್ರವರಿ 30 ಎಂಬ ದಿನಾಂಕವನ್ನು ಅಥವಾ 45 ಗುಂಟೆ ಎಂಬ ಅಳತೆಯನ್ನು ತಿರಸ್ಕರಿಸುವಂತೆಯೂ ತಂತ್ರಾಂಶವನ್ನು ರಚಿಸಬಹುದು.

ಆದರೆ ಹೆಸರಿಗೆ ಇಂತಹ ಸೂತ್ರವಿಲ್ಲ. ‘ಲ’ಕಾರ ಸರಿಯೇ ‘ಳ’ಕಾರ ಸರಿಯೇ, ತಂದೆಯ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಬಂದಿದೆಯೇ, 14ರ ಬದಲು 4 ಎಂದು ಬಿದ್ದಿದೆಯೇ ಎಂಬುದನ್ನು ತಿಳಿಯಲು ಯಂತ್ರದಲ್ಲಿ ಯಾವ ಆಧಾರವೂ ಇಲ್ಲ. 4 ಗುಂಟೆಯೂ ಸರಿಯಾದ ಅಳತೆಯೇ, 14 ಗುಂಟೆಯೂ ಸರಿಯಾದ ಅಳತೆಯೇ. ಇವುಗಳಲ್ಲಿ ಯಾವುದು ನಿಜ ಎಂಬುದು ಜಮೀನಿನ ಒಡೆಯನಿಗೆ ಮತ್ತು ಮೂಲ ಕಾಗದಕ್ಕೆ ಮಾತ್ರ ಗೊತ್ತು. ಆದ್ದರಿಂದ ಈ ಪರಿಶೀಲನೆಯನ್ನು ಅರ್ಜಿದಾರರೇ ಮಾಡಬೇಕಾಗುತ್ತದೆ.

ಇದರ ಪರಿಣಾಮ ಗಂಭೀರವಾದುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕರಣ 133ರ ಮೇರೆಗೆ, ಹಕ್ಕು ದಾಖಲೆಯಲ್ಲಿನ ನಮೂದನ್ನು ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಹೊಸ ನಮೂದು ಕಾನೂನುಬದ್ಧವಾಗಿ ಬರುವವರೆಗೆ ಸತ್ಯವೆಂದು ಭಾವಿಸಲಾಗುತ್ತದೆ. ಅಂದರೆ ತಪ್ಪು ನಮೂದನ್ನು ತಪ್ಪೆಂದು ತೋರಿಸಿಕೊಡುವ ಹೊಣೆ ಜಮೀನಿನ ಒಡೆಯನ ಮೇಲೆ ಬೀಳುತ್ತದೆ. ಇದಲ್ಲದೆ ಬೆಳೆ ಪರಿಹಾರ, ಬೆಳೆ ವಿಮೆ ಮುಂತಾದ ಸೌಲಭ್ಯಗಳಿಗಾಗಿ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಆಧಾರ್ ಹಾಗೂ ಪಹಣಿಯ ವಿವರಗಳನ್ನು ಜೋಡಿಸಲಾಗುತ್ತದೆ. ಎರಡರಲ್ಲಿಯೂ ಹೆಸರು ಹೊಂದದಿದ್ದರೆ ಅರ್ಹ ರೈತರಿಗೂ ಹಣ ಪಾವತಿ ವಿಳಂಬವಾಗಬಹುದು.

10. ಅರ್ಜಿದಾರರು ಪರಿಶೀಲಿಸಬೇಕಾದ ಅಂಶಗಳು

(1) ಅರ್ಜಿ ಸಲ್ಲಿಸುವಾಗ ಹೆಸರನ್ನು ಬಾಯಿಮಾತಿನಲ್ಲಿ ಹೇಳುವುದರ ಬದಲು, ಆಧಾರ್ ಅಥವಾ ಶಾಲಾ ದಾಖಲೆಯಲ್ಲಿರುವಂತೆ ಕಾಗದದ ಮೇಲೆ ಸ್ಪಷ್ಟವಾಗಿ ಬರೆದು ಕೊಡುವುದು.

(2) ಉಳಿಸುವ ಆದೇಶ ನೀಡುವ ಮೊದಲು ಪರದೆಯ ಮೇಲಿನ ವಿವರಗಳನ್ನು ತೋರಿಸುವಂತೆ ಸಿಬ್ಬಂದಿಯನ್ನು ಕೋರುವುದು. ಓದಲು ಬಾರದವರು ಜೊತೆಯಲ್ಲಿ ಓದಬಲ್ಲವರೊಬ್ಬರನ್ನು ಕರೆದುಕೊಂಡು ಬರುವುದು.

(3) ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು ಮತ್ತು ವಿಸ್ತೀರ್ಣವನ್ನು ನೋಡಿದ ನಂತರ ಕಾಲಂ 9ರಲ್ಲಿ ಮಾಲೀಕರ ಹೆಸರು ಮತ್ತು ತಂದೆಯ ಹೆಸರು, ಕಾಲಂ 10ರಲ್ಲಿ ಜಮೀನು ಬಂದ ರೀತಿ, ಕಾಲಂ 11ರಲ್ಲಿ ಸಾಲ ಹಾಗೂ ಋಣಭಾರಗಳನ್ನು ಪರಿಶೀಲಿಸುವುದು. ಸಾಲ ತೀರಿದ್ದರೂ ಕಾಲಂ 11ರಲ್ಲಿ ಬೋಜಾ ಉಳಿದಿದ್ದಲ್ಲಿ ಬ್ಯಾಂಕಿನ ತೀರುವಳಿ ಪತ್ರದೊಂದಿಗೆ ಅದನ್ನು ಕಡಿಮೆ ಮಾಡಿಸಿಕೊಳ್ಳುವುದು.

(4) ಜಂಟಿ ಖಾತೆಯಲ್ಲಿ ಪ್ರತಿಯೊಬ್ಬರ ಪಾಲಿನ ಎಕರೆ ಮತ್ತು ಗುಂಟೆಗಳನ್ನು ಕೂಡಿಸಿ, ಒಟ್ಟು ವಿಸ್ತೀರ್ಣಕ್ಕೆ ಹೊಂದುವುದೇ ಎಂದು ನೋಡುವುದು.

(5) ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದು, ಅದರಲ್ಲಿರುವ ಸಕಾಲ ಸಂಖ್ಯೆಯನ್ನು ಕಾಪಾಡಿಕೊಳ್ಳುವುದು. ಸರ್ವರ್‌ನಲ್ಲಿರುವ ಲಕ್ಷಾಂತರ ಅರ್ಜಿಗಳ ನಡುವೆ ಒಂದು ಅರ್ಜಿಯನ್ನು ಯಂತ್ರವು ಈ ಸಂಖ್ಯೆಯಿಂದಲೇ ಗುರುತಿಸುತ್ತದೆ.

(6) ಹಕ್ಕು ಬದಲಾವಣೆಯ ನೋಟಿಸು ಬಂದಾಗ ಅಥವಾ ಚಾವಡಿಯಲ್ಲಿ ಪ್ರಕಟವಾದಾಗ, ಅದರಲ್ಲಿ ನಮೂದಿಸಿದ ಅವಧಿಯೊಳಗೆ ಓದಿ, ಆಕ್ಷೇಪಣೆ ಇದ್ದಲ್ಲಿ ಲಿಖಿತವಾಗಿ ಸಲ್ಲಿಸುವುದು.

(7) ವ್ಯವಹಾರ ಇರಲಿ ಇಲ್ಲದಿರಲಿ, ವರ್ಷಕ್ಕೊಮ್ಮೆಯಾದರೂ ಪಹಣಿಯ ಪ್ರತಿಯನ್ನು ತೆಗೆದು ಓದುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: “ಸರ್ವರ್ ಇಲ್ಲ” ಎಂದರೆ ದಾಖಲೆ ಕಳೆದುಹೋಗಿದೆ ಎಂದರ್ಥವೇ?
ಉತ್ತರ: ಇಲ್ಲ. ಕಚೇರಿಯ ಯಂತ್ರಕ್ಕೂ ಸರ್ವರ್‌ಗೂ ನಡುವಿನ ಸಂಪರ್ಕ ಕಡಿದಿದೆ ಅಥವಾ ಸರ್ವರ್ ತಾತ್ಕಾಲಿಕವಾಗಿ ಉತ್ತರಿಸುತ್ತಿಲ್ಲ ಎಂದರ್ಥ. ಶಾಶ್ವತ ಸಂಗ್ರಹದಲ್ಲಿರುವ ದಾಖಲೆಯು ಹಾಗೆಯೇ ಇರುತ್ತದೆ.

ಪ್ರಶ್ನೆ: ಮುದ್ರಿತ ಪಹಣಿಯ ಮೇಲೆ ಪೆನ್ನಿನಿಂದ ತಿದ್ದಿದರೆ ಸಾಲದೇ?
ಉತ್ತರ: ಸಾಲದು. ಕಾಗದವು ಪ್ರತಿ ಮಾತ್ರ. ಸಂಗ್ರಹದಲ್ಲಿರುವ ದಾಖಲೆ ಬದಲಾಗದೆ ಮುಂದಿನ ಪ್ರತಿಯಲ್ಲಿಯೂ ಅದೇ ತಪ್ಪು ಮುದ್ರಣವಾಗುತ್ತದೆ. ಪೆನ್ನಿನಿಂದ ತಿದ್ದಿದ ಪ್ರತಿಗೆ ಮಾನ್ಯತೆಯೂ ಇರುವುದಿಲ್ಲ.

ಪ್ರಶ್ನೆ: ಹಳೆಯ ಕೈಬರಹದ ಪಹಣಿಯಲ್ಲಿ ಸರಿಯಾಗಿದ್ದು, ಗಣಕೀಕೃತ ಪಹಣಿಯಲ್ಲಿ ತಪ್ಪಾಗಿದ್ದರೆ ಏನು ಮಾಡಬೇಕು?
ಉತ್ತರ: ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಹಳೆಯ ಪಹಣಿ ಮತ್ತು ಹಕ್ಕು ಬದಲಾವಣೆ ನಮೂದಿನ ದೃಢೀಕೃತ ಪ್ರತಿಗಳನ್ನು ಪಡೆದು, ತಿದ್ದುಪಡಿ ಕೋರಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ಹಕ್ಕು ಬದಲಾವಣೆಯ ಆದೇಶದಿಂದಲೇ ಬಾಧಿತರಾದವರು ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಹಳೆಯ ಕಾಗದಗಳನ್ನು ಗಣಕೀಕರಣವಾಯಿತೆಂಬ ಕಾರಣದಿಂದ ಹರಿದು ಹಾಕಬಾರದು. ತಪ್ಪನ್ನು ತೋರಿಸಿಕೊಡಲು ಅವುಗಳೇ ಸಾಕ್ಷ್ಯ.

ಪ್ರಶ್ನೆ: ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ?
ಉತ್ತರ: ಸಕಾಲ ವ್ಯಾಪ್ತಿಯ ಸೇವೆಗಳಿಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೋರಲು ಅಧಿನಿಯಮದಲ್ಲಿ ಅವಕಾಶವಿದೆ.

ಪ್ರಶ್ನೆ: ಮೊಬೈಲ್ ಫೋನ್ ಸಹ ಗಣಕಯಂತ್ರವೇ?
ಉತ್ತರ: ಹೌದು. ಸಂಸ್ಕರಣಾ ಘಟಕ, ಸ್ಮೃತಿ, ಸಂಗ್ರಹ ಮತ್ತು ಪರದೆ ಎಲ್ಲವೂ ಅದರಲ್ಲಿವೆ. ಭೂಮಿ ಜಾಲತಾಣದಲ್ಲಿ ತಮ್ಮ ಪಹಣಿಯ ವಿವರಗಳನ್ನು ಮೊಬೈಲ್‌ನಲ್ಲಿಯೇ ನೋಡಬಹುದು. ಮೊಬೈಲ್‌ಗೆ ಬರುವ ಒಂದು ಬಾರಿಯ ಗುಪ್ತ ಸಂಖ್ಯೆಯು ಅರ್ಜಿದಾರರ ಸಹಿಯ ಸ್ಥಾನದಲ್ಲಿರುವುದರಿಂದ ಅದನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ತಿಳಿಸಬಾರದು.

12. ಸೂಚನೆ

ಶುಲ್ಕ ಹಾಗೂ ಸೇವೆ ಒದಗಿಸುವ ಅವಧಿಯ ವಿವರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಆಯಾ ಕಚೇರಿಯ ಸೂಚನಾ ಫಲಕವನ್ನು ನೋಡಿಕೊಳ್ಳಬೇಕು. ಮುದ್ರಿತ ಪ್ರತಿಯನ್ನು ಪಡೆದ ಕೂಡಲೇ, ಕಿಟಕಿಯನ್ನು ಬಿಡುವ ಮೊದಲೇ, ಹೆಸರು, ತಂದೆಯ ಹೆಸರು, ಗ್ರಾಮ ಮತ್ತು ವಿಸ್ತೀರ್ಣವನ್ನು ಅಕ್ಷರ ಅಕ್ಷರವಾಗಿ, ಅಂಕಿ ಅಂಕಿಯಾಗಿ ಓದಿ ನೋಡುವಂತೆ ಸಾರ್ವಜನಿಕರನ್ನು ಕೋರಲಾಗಿದೆ.